ಹೋಳೂರಿನಿಂದ ಮಾರಿಕುಪ್ಪಂವರೆಗೆ: ಮುಂದಿನ ಶನಿವಾರದ ಆಟ

ಕೋಲಾರ ತಾಲೂಕಿನ ಹೋಳೂರಿನಿಂದ ಕೋಲಾರ ಪೇಟೆಗೆ ಬಂದು, ಅಲ್ಲಿಂದ ಬಂಗಾರಪೇಟೆಯ ಬಸ್ಸು ಹಿಡಿದು, ಕೊನೆಗೆ ಮಾರಿಕುಪ್ಪಂ ರೈಲು ಹತ್ತಿದರೆ ಅರ್ಧ ದಿನದೊಳಗೆ ಎರಡು ಲೋಕಗಳನ್ನು ದಾಟಬಹುದು. ಮೊದಲರ್ಧದಲ್ಲಿ ಹಿಪ್ಪುನೇರಳೆ ತೋಟ, ಟೊಮೆಟೊ ಗಿಡಕ್ಕೆ ನೆಟ್ಟ ಕೋಲುಗಳ ಸಾಲು, ಮಾವಿನ ತೋಪು, ಬಂಡೆಗುಡ್ಡ. ಉಳಿದರ್ಧದಲ್ಲಿ ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ತುಕ್ಕು ಹಿಡಿದ ಗೋಪುರ, ಸಾಲುಮನೆಗಳ ಲೈನುಗಳು, ಬೂದುಬಣ್ಣದ ಸೈನೈಡ್ ದಿಬ್ಬ. ಈ ಕಡೆ ಬರುವ ಪ್ರವಾಸಿಗರು ಅಂತರಗಂಗೆ ಹತ್ತುತ್ತಾರೆ, ಸೋಮೇಶ್ವರನ ಗುಡಿ ನೋಡುತ್ತಾರೆ, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಿ ಬರುತ್ತಾರೆ. ಇದೇ ದಾರಿಯಲ್ಲಿ ಯಾರೂ ನಿಂತು ನೋಡದ ಇನ್ನೊಂದು ಸಂಗತಿ ಇದೆ. ಗಣಿಯ ಲೈನುಗಳಲ್ಲಿ ಫುಟ್‌ಬಾಲ್ ಮತ್ತು ಹಾಕಿ ತಲೆಮಾರುಗಳ ಕಾಲ ಬೇರು ಬಿಟ್ಟವು. ಅಲ್ಲಿಂದ ಒಂದೆರಡು ಗಂಟೆಯ ದಾರಿಯಲ್ಲಿರುವ ಹೋಳೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಫುಟ್‌ಬಾಲ್ ಬೇರೂರಲೇ ಇಲ್ಲ. ಜನ ಒಂದೇ ಜಿಲ್ಲೆಯವರು, ಆಡುವ ಕನ್ನಡ, ತೆಲುಗು, ತಮಿಳು ಒಂದರೊಳಗೊಂದು ಬೆರೆತವು, ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ಹಾಗಾದರೆ ಚೆಂಡು ಬಂಗಾರಪೇಟೆಯ ಆಚೆಗೆ ಯಾಕೆ ಉರುಳಲಿಲ್ಲ? ನನಗೆ ತೋರುವ ಉತ್ತರ ಇಷ್ಟು: ಹವ್ಯಾಸಿ ಲೀಗ್ ಎನ್ನುವುದು ಆಟಗಾರರ ಪ್ರೀತಿಯೊಂದರಿಂದಲೇ ಹುಟ್ಟುವುದಿಲ್ಲ, ಪ್ರತಿಭೆಯೊಂದರಿಂದಲೇ ಬಾಳುವುದಿಲ್ಲ. ಅದಕ್ಕೆ ಮೊದಲೇ ಗೊತ್ತಿರುವ ಬಿಡುವು ಬೇಕು, ಅದೇ ಊರಿನಲ್ಲಿ ಮುಂದಿನ ತಿಂಗಳೂ ಇರುತ್ತೇನೆಂಬ ಭರವಸೆ ಬೇಕು, ಯಾರೂ ಕಿತ್ತುಕೊಳ್ಳಲಾಗದ ಮೈದಾನ ಬೇಕು. ಈ ಮೂರರಲ್ಲಿ ಒಂದು ಕಳಚಿದರೂ ಲೀಗ್ ಸಡಿಲವಾಗುತ್ತದೆ.

ಟೂರ್ನಮೆಂಟು ಬೇರೆ, ಲೀಗ್ ಬೇರೆ. ಈ ಭೇದವನ್ನು ಬಿಟ್ಟರೆ ನನ್ನ ವಾದ ನಿಲ್ಲುವುದಿಲ್ಲ. ಹಬ್ಬದ ದಿನಗಳಲ್ಲಿ ಊರ ಯುವಕರ ಸಂಘ ಕಬಡ್ಡಿಗೋ ಟೆನಿಸ್ ಬಾಲ್ ಕ್ರಿಕೆಟ್ಟಿಗೋ ದೀಪ ಕಟ್ಟಿ ಎರಡು ರಾತ್ರಿಯಲ್ಲಿ ಫೈನಲ್ ಮುಗಿಸಬಹುದು. ಲೀಗ್ ಹಾಗಲ್ಲ. ಹತ್ತು ತಂಡಗಳಿದ್ದರೆ ಪ್ರತಿಯೊಂದು ತಂಡವೂ ಉಳಿದ ಒಂಬತ್ತನ್ನೂ ಎದುರಿಸಬೇಕು. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಮೈದಾನದಲ್ಲಿ ಎಂದು ತಿಂಗಳುಗಟ್ಟಲೆ ಮುಂಚಿತವಾಗಿ ಬರೆದಿಡಬೇಕು. ಈಗ ಹೋಳೂರಿನ ಕಡೆಯ ಒಂದು ಮನೆಯ ದಿನಚರಿಯನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೇರಿಗೆ ಹಾಲು ಹಾಕಬೇಕು. ಹಸುವಿಗೆ ಭಾನುವಾರವಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಸೊಪ್ಪನ್ನು ಮುಕ್ಕುವ ರಭಸಕ್ಕೆ ಮನೆಮಂದಿಯೆಲ್ಲ ನಿಲ್ಲಬೇಕಾಗುತ್ತದೆ. ಹುಳು ಹಣ್ಣಾದ ದಿನ ಚಂದ್ರಿಕೆಗೆ ಬಿಡುವ ಕೆಲಸ ನಾಳೆಗೆ ಕಾಯುವುದಿಲ್ಲ. ಟೊಮೆಟೊ ಕಿತ್ತ ದಿನವೇ ಕೋಲಾರದ ಎಪಿಎಂಸಿಗೆ ಹೋಗಬೇಕು. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಹಾಯಿಸಬೇಕು. ಶ್ರೀನಿವಾಸಪುರದ ಮಾವು ಮಾಗಿದರೆ ತೋಪಿನಲ್ಲೇ ವಾಸ. ಈ ಬದುಕಿನಲ್ಲಿ ಬಿಡುವು ಇಲ್ಲವೆಂದಲ್ಲ, ಎಷ್ಟೋ ಮಧ್ಯಾಹ್ನಗಳು ಖಾಲಿಯೇ ಇರುತ್ತವೆ. ಆದರೆ ಯಾವ ಮಧ್ಯಾಹ್ನ ಎಂದು ಮೊದಲೇ ಹೇಳಲು ಬರುವುದಿಲ್ಲ. ಹನ್ನೊಂದು ಜನರ ಬಿಡುವು ಒಟ್ಟಿಗೆ ಬರುವುದು ಹಬ್ಬಕ್ಕೆ ಮಾತ್ರ. ಹಾಗಾಗಿ ಹಳ್ಳಿಯ ಆಟ ಹಬ್ಬದ ಆಟವಾಯಿತು.

ಇಂಗ್ಲೆಂಡಿನಲ್ಲಿ ಲೀಗ್ ಹುಟ್ಟಿದ ಬಗೆಯೂ ಇದನ್ನೇ ಹೇಳುತ್ತದೆ. ಅಲ್ಲಿಯ ಹಳ್ಳಿಗಳಲ್ಲೂ ಹಬ್ಬದ ದಿನ ಊರಿಗೆ ಊರೇ ಬೀದಿಗಿಳಿದು ಚೆಂಡು ಒದೆಯುವ ಪದ್ಧತಿ ನೂರಾರು ವರ್ಷ ಇತ್ತು. ಅದು ಲೀಗ್ ಆಗಲಿಲ್ಲ. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸವನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಿಸಿತು. ಅರ್ಧ ದಿನದ ಶನಿವಾರ ನಿಧಾನವಾಗಿ ಉಳಿದ ಕಸುಬುಗಳಿಗೂ ಹರಡಿತು. ಮೂರು ಗಂಟೆಗೆ ಆಟ ಶುರುವಾಗುವ ಪದ್ಧತಿ ಹೀಗೆ ಬಂತು. 1863ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್, 1885ರಲ್ಲಿ ಹಣ ಪಡೆದು ಆಡಲು ಅನುಮತಿ, 1888ರಲ್ಲಿ ವೃತ್ತಿಪರರ ಫುಟ್‌ಬಾಲ್ ಲೀಗ್. ಅದರ ಮರುವರ್ಷವೇ, 1889ರಲ್ಲಿ, ಈಶಾನ್ಯ ಇಂಗ್ಲೆಂಡಿನ ಡರ್ಹ್ಯಾಮ್ ಸೀಮೆಯಲ್ಲಿ ನಾರ್ದರ್ನ್ ಲೀಗ್ ಹುಟ್ಟಿತು. ಕಲ್ಲಿದ್ದಲು ಗಣಿಗಳ ಸಣ್ಣ ಸಣ್ಣ ಊರುಗಳ ಹವ್ಯಾಸಿ ಲೀಗ್ ಆಗಿ ಅದು ಹೆಸರಾಯಿತು. ಅದರ ಸಾಧನೆ ಸಣ್ಣದಲ್ಲ. ಮೊದಲ ವಿಶ್ವಕಪ್ 1930ರಲ್ಲಿ ನಡೆಯುವುದಕ್ಕೆ ಎಷ್ಟೋ ಮುಂಚೆ, 1909ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಸರ್ ಥಾಮಸ್ ಲಿಪ್ಟನ್ ಟ್ರೋಫಿಗೆ ನಡೆದ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ವೆಸ್ಟ್ ಆಕ್ಲೆಂಡ್ ಎಂಬ ಗಣಿ ಊರಿನ ತಂಡ ಗೆದ್ದಿತು. 1911ರಲ್ಲಿ ಮತ್ತೆ ಹೋಗಿ ಯುವೆಂಟಸ್ ತಂಡವನ್ನು 6–1ರಿಂದ ಸೋಲಿಸಿತು. ಪ್ರಯಾಣದ ಸಾಲ ತೀರಿಸಲಾಗದೆ ಆ ಟ್ರೋಫಿಯನ್ನು ಊರಿನ ಹೋಟೆಲಿನ ಒಡತಿಯ ಬಳಿ ಒತ್ತೆ ಇಡಬೇಕಾಯಿತು. ಅದು ಕ್ಲಬ್ಬಿನ ಕೈಗೆ ಮರಳಿದ್ದು 1960ರಲ್ಲಿ. ಬಿಷಪ್ ಆಕ್ಲೆಂಡ್ ಎಂಬ ಪಕ್ಕದ ಊರು ಎಫ್‌ಎ ಹವ್ಯಾಸಿ ಕಪ್ಪನ್ನು ಹತ್ತು ಸಲ ಗೆದ್ದಿತು. 1954ರಲ್ಲಿ ಆ ಊರಿಗೂ ಕೂಗಳತೆಯ ಕ್ರೂಕ್ ಊರಿಗೂ ವೆಂಬ್ಲಿಯಲ್ಲಿ ನಡೆದ ಫೈನಲ್ ನೋಡಲು 1,00,000 ಜನ ಸೇರಿದ್ದರು. ಮೊದಲೆರಡು ಪಂದ್ಯಗಳಲ್ಲಿ ಇತ್ಯರ್ಥವಾಗದೆ ಮೂರನೆಯ ಪಂದ್ಯದಲ್ಲಿ ಕ್ರೂಕ್ ಗೆದ್ದಿತು. ಸಂಬಳವಿಲ್ಲದ ಆಟಕ್ಕೆ ಇಷ್ಟು ಜನ ಬಂದದ್ದನ್ನು ಆಟದ ಪ್ರೀತಿ ಎಂದಷ್ಟೇ ವಿವರಿಸಿದರೆ ಸಾಲದು. ಆ ಪ್ರೀತಿಗೆ ಅರವತ್ತು ವರ್ಷಗಳ ಶನಿವಾರಗಳು ಒದಗಿದ್ದವು.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟುತ್ತದೆ. ಹೆಸರುಗಳೆಲ್ಲ ಗಣಿಗೆ ಸಂಬಂಧಿಸಿದವು. 1870ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ಲವೆಲ್ ಎಂಬ ಮಾಜಿ ಸೈನಿಕ ಮೈಸೂರು ಸರ್ಕಾರದಿಂದ ಚಿನ್ನ ಹುಡುಕಲು ಪರವಾನಗಿ ಪಡೆದ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಯಲ್ಲಿ ಇಲ್ಲಿನ ಚಿನ್ನ ನಿಜವಾಗಿ ಹೊರಬಂತು. 1902ರಲ್ಲಿ ಶಿವನಸಮುದ್ರದ ಕರೆಂಟು ಇಲ್ಲಿಗೆ ಹರಿದಾಗ ಬೆಂಗಳೂರಿನ ಬೀದಿಗಳಲ್ಲಿ ಇನ್ನೂ ವಿದ್ಯುತ್ ದೀಪ ಉರಿಯುತ್ತಿರಲಿಲ್ಲ. ಮೈಸೂರ್ ಮೈನ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂದು ನಾಲ್ಕು ದೊಡ್ಡ ಗಣಿಗಳು, ಒಂದೊಂದಕ್ಕೂ ಅದರದೇ ಲೈನುಗಳು, ಅದರದೇ ಸೈರನ್ನು, ಅದರದೇ ಅಭಿಮಾನ. ಲೀಗ್‌ಗೆ ಬೇಕಾದ ಎದುರಾಳಿಗಳು ಇಲ್ಲಿ ಸಹಜವಾಗಿಯೇ ಇದ್ದರು. ಗಣಿಗೆ ಶಿಫ್ಟು ಇತ್ತು, ಶನಿವಾರದ ಅರ್ಧ ರಜೆ ಇಡೀ ಊರಿಗೆ ಒಟ್ಟಿಗೆ ಎಲ್ಲಿ ಸಿಗುತ್ತಿತ್ತು ಎಂದು ಯಾರಾದರೂ ಕೇಳಬಹುದು. ಶಿಫ್ಟು ಕೂಡ ಒಂದು ವೇಳಾಪಟ್ಟಿಯೇ. ಈ ವಾರ ಯಾರು ಯಾವ ಹೊತ್ತಿಗೆ ಭೂಮಿಯಡಿಗೆ ಇಳಿಯುತ್ತಾರೆ, ಯಾರು ಮೇಲೆ ಇರುತ್ತಾರೆ ಎಂದು ಇಡೀ ಲೈನಿಗೆ ಗೊತ್ತಿರುತ್ತದೆ. ಡರ್ಹ್ಯಾಮಿನ ಗಣಿಗಳೂ ಶಿಫ್ಟಿನಲ್ಲೇ ನಡೆದವು.

ಇಲ್ಲಿಗೆ ಬಂದ ಬ್ರಿಟಿಷರಲ್ಲಿ ಕಾರ್ನ್‌ವಾಲ್ ಪ್ರಾಂತದ ಗಣಿಗಾರರು ಬಹಳ. ತವರಿನಲ್ಲಿ ತವರ ಮತ್ತು ತಾಮ್ರದ ಗಣಿಗಳು ಬತ್ತಿದಾಗ ಅವರು ಜಗತ್ತಿನ ಮೂಲೆ ಮೂಲೆಗೆ ಹೋದರು. ಟೇಲರ್ ಕಂಪನಿಯ ಮೂಲಪುರುಷ ಜಾನ್ ಟೇಲರ್ 1824ರಲ್ಲಿಯೇ ಮೆಕ್ಸಿಕೋದ ರಿಯಲ್ ದೆಲ್ ಮಾಂಟೆ ಬೆಳ್ಳಿ ಗಣಿಯ ಸಾಹಸದಲ್ಲಿ ತೊಡಗಿದ್ದವನು. ಅಲ್ಲಿಗೂ ಕಾರ್ನ್‌ವಾಲಿನವರೇ ಹೋದರು, ಪಕ್ಕದ ಪಚೂಕಾ ಪಟ್ಟಣದಲ್ಲಿ ಅವರು ಕಟ್ಟಿದ ಕ್ಲಬ್ 1902ರಲ್ಲಿ ಮೆಕ್ಸಿಕೋದ ಮೊದಲ ಹವ್ಯಾಸಿ ಲೀಗ್ ಶುರುವಾದಾಗ ಅದರ ಐದು ತಂಡಗಳಲ್ಲಿ ಒಂದಾಗಿತ್ತು. ಪಚೂಕಾ ಎಂಬ ಹೆಸರಿನ ಕ್ಲಬ್ ಇಂದು ಮೆಕ್ಸಿಕೋದ ಅಗ್ರ ಲೀಗ್‌ನಲ್ಲಿದೆ. ಒಂದೇ ಬಗೆಯ ಜನ, ಒಂದೇ ಕಸುಬು, ಆದರೂ ಕೋಲಾರದ ಚಿನ್ನದ ಗಣಿಯ ಆಟಕ್ಕೆ ಬೇರೆ ಹಣೆಬರಹ. ಇದಕ್ಕೆ ಕಾರಣ ಹುಡುಕುವಾಗ ಕಂಪನಿಯ ಕಾಲವನ್ನು ಹೊನ್ನಿನ ಕಾಲವೆಂದು ಹಾಡಿಹೊಗಳುವುದು ನನ್ನಿಂದಾಗದು. 1885ರ ಕೆಜಿಎಫ್ ಕ್ಲಬ್, ಗಾಲ್ಫ್ ಮೈದಾನ, ಬಂಗಲೆಗಳು ಬಿಳಿಯರಿಗೆ. ತಟ್ಟಿ ಗುಡಿಸಲು, ಮೇಸ್ತ್ರಿಯ ಕಾಟ, ಶ್ವಾಸಕೋಶ ತುಂಬುವ ಕಲ್ಲಿನ ಧೂಳು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದ ಕೂಲಿಗಳಿಗೆ. ಅವರಲ್ಲಿ ಬಹುಪಾಲು ದಲಿತರು. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಅವರು ಮೂರು ವಾರ ಕೆಲಸ ನಿಲ್ಲಿಸಿದರು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಮೈದಾನವನ್ನು ಕಂಪನಿ ಕೊಟ್ಟ ಉಡುಗೊರೆ ಎಂದು ಎಣಿಸುವವರಿಗೆ ಈ ಇತಿಹಾಸವೇ ಉತ್ತರ. ಆಟಕ್ಕೆ ಬೇಕಾದ ಸ್ಥಿರ ಕೆಲಸ, ಗೊತ್ತಾದ ರಜೆ, ಗೊತ್ತಾದ ಕೂಲಿ, ಇವನ್ನು ಕಾರ್ಮಿಕರು ಒಂದೊಂದಾಗಿ ಹೋರಾಡಿ ಪಡೆದರು.

ಇಂಗ್ಲೆಂಡಿನಲ್ಲಿ ಹವ್ಯಾಸಿ ಎಂದರೆ ಹಣ ಮುಟ್ಟದವನು. ಲಂಡನ್ ಸುತ್ತಲ ಹವ್ಯಾಸಿ ತಂಡಗಳು 1905ರಲ್ಲಿ ಕಟ್ಟಿಕೊಂಡ ಇಸ್ತ್ಮಿಯನ್ ಲೀಗ್ ಗೌರವವೊಂದೇ ಸಾಕು ಎಂಬುದನ್ನು ಧ್ಯೇಯವಾಗಿ ಇಟ್ಟುಕೊಂಡಿತ್ತು. ಮನೆಯಲ್ಲಿ ಆಸ್ತಿಯಿದ್ದವನಿಗೆ ಅದು ಸಾಕು. ಗಣಿಯವನಿಗೆ, ಗುಮಾಸ್ತನಿಗೆ ಸಾಲದು. ಹಾಗಾಗಿ ಬೂಟಿನೊಳಗೆ ನೋಟು ತುರುಕಿ ಕೊಡುವ ಗುಟ್ಟಿನ ಪದ್ಧತಿ ಬೆಳೆಯಿತು. 1974ರಲ್ಲಿ ಅಸೋಸಿಯೇಷನ್ ಹವ್ಯಾಸಿ, ವೃತ್ತಿಪರ ಎಂಬ ಗೆರೆಯನ್ನೇ ಅಳಿಸಿಹಾಕಿತು. ನಮ್ಮಲ್ಲಿ ಈ ಕಪಟ ಬೇಕಾಗಲಿಲ್ಲ. ಮೈಸೂರು ರಾಜ್ಯದಲ್ಲಿ ಆಟಗಾರನಿಗೆ ಕಾರ್ಖಾನೆ ಕೆಲಸ ಕೊಟ್ಟಿತು, ಆಟ ಹವ್ಯಾಸವಾಗಿಯೇ ಉಳಿಯಿತು. ಎಚ್‌ಎಎಲ್, ಐಟಿಐ, ಕೆಜಿಎಫ್‌ನಲ್ಲೂ ಕಾರ್ಖಾನೆ ಇರುವ ಬೆಮೆಲ್, ಹೀಗೆ ಸಾರ್ವಜನಿಕ ಉದ್ದಿಮೆಗಳ ಹೆಸರುಗಳು ಬೆಂಗಳೂರು ಲೀಗ್‌ನ ಪಟ್ಟಿಯಲ್ಲಿ ಮೊಳಗಿದವು. ಇದರ ಫಲ ಕಣ್ಣಿಗೆ ಕಾಣುವಂಥದ್ದು. 1946–47, 1952–53, 1967–68, 1968–69, ನಾಲ್ಕು ಸಲ ಮೈಸೂರು ಸಂತೋಷ್ ಟ್ರೋಫಿ ಗೆದ್ದಿತು. 1948ರ ಒಲಿಂಪಿಕ್ಸ್‌ನಲ್ಲಿ, ಇಸ್ತ್ಮಿಯನ್ ಲೀಗ್‌ನ ಹಳೆಯ ಊರಾದ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿ 1–2ರಿಂದ ಸೋತಾಗ ನಮ್ಮ ಒಂದೇ ಗೋಲನ್ನು ಹೊಡೆದವರು ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. 1977ರ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗಾನನ್ನು ಸೋಲಿಸಿತು. ಟೆಲಿಫೋನ್ ತಯಾರಿಸುವ ಕಾರ್ಖಾನೆಯ ನೌಕರರು ದೇಶದ ಅತಿ ದೊಡ್ಡ ಹೆಸರಿನ ಕ್ಲಬ್ಬನ್ನು ಮಣಿಸಿದ ಆ ಸಂಜೆಗೆ ಕನ್ನಡದ ಆಟದ ಬರಹದಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ, ಅದನ್ನು ತಪ್ಪಿಸಿಕೊಂಡು ಹೋಗಬಾರದು. ಮಲಪ್ಪುರದಲ್ಲಿ ಯಾವ ಗಣಿ? ಗೋವಾದ ಹಳ್ಳಿಯಲ್ಲಿ, ಮಣಿಪುರದ ಕೇರಿಯಲ್ಲಿ ಯಾವ ಕಾರ್ಖಾನೆಯ ಸೈರನ್ನು? ಅಲ್ಲೆಲ್ಲ ಫುಟ್‌ಬಾಲ್ ಊರಿನ ಉಸಿರಲ್ಲವೇ? ಬೆಂಗಳೂರಿನಲ್ಲೇ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಯಾವ ಉದ್ದಿಮೆಯದ್ದೂ ಅಲ್ಲವಲ್ಲ? ಈ ಪ್ರಶ್ನೆಗಳು ನನ್ನ ವಾದವನ್ನು ಬೀಳಿಸುವುದಿಲ್ಲ, ತಿದ್ದುತ್ತವೆ. ಮಲಪ್ಪುರದಲ್ಲಿ ತಂಡಕ್ಕೆ ಏಳು ಜನರಂತೆ ಆಡುವ ಸೆವೆನ್ಸ್ ಮಳೆಗಾಲ ಕಳೆದು ಗದ್ದೆ ಒಣಗಿದ ತಿಂಗಳುಗಳಲ್ಲಿ ನಡೆಯುವ ಟೂರ್ನಮೆಂಟು. ಅದರ ಬಿಡುವನ್ನು ಹವಾಮಾನವೇ ಕೊಡುತ್ತದೆ. ಮಣಿಪುರದ ಲೈಕಾಯಿಗಳಲ್ಲಿ ಕೇರಿಯ ಕ್ಲಬ್ಬಿದೆ, ಕೇರಿಗೇ ಸೇರಿದ ಮೈದಾನವಿದೆ. ಗೋವಾದಲ್ಲಿ ಊರಿನ ಸಾಮೂಹಿಕ ಭೂಮಿ ಮತ್ತು ಚರ್ಚಿನ ಅಂಗಳ ಆಟಕ್ಕೆ ನೆಲೆ ಕೊಟ್ಟವು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೈನ್ಯಕ್ಕೆ ಮೈದಾನವೂ ಇತ್ತು, ಗೊತ್ತಾದ ಸಂಜೆಯೂ ಇತ್ತು. ಸೈನಿಕರ ತಂಡಗಳ ಎದುರು ಆಡಿಯೇ ಅಲ್ಲಿನ ಹುಡುಗರು ಪಳಗಿದರು. ಅಂದಮೇಲೆ ಕಾರ್ಖಾನೆಯೇ ಬೇಕೆಂದಿಲ್ಲ. ಕಾರ್ಖಾನೆ ಒದಗಿಸುತ್ತಿದ್ದುದನ್ನು ಇನ್ನಾರಾದರೂ ಒದಗಿಸಬೇಕು. ಊರೇ ಒದಗಿಸಿದರೆ ಆಟ ಇನ್ನಷ್ಟು ಗಟ್ಟಿ, ಏಕೆಂದರೆ ಊರು ದಿವಾಳಿಯೆದ್ದು ಬೀಗ ಹಾಕುವುದಿಲ್ಲ.

ಕಾರ್ಖಾನೆಯಷ್ಟೇ ಸಾಲದು ಎಂಬುದಕ್ಕೆ ಪುರಾವೆ ಕೋಲಾರ ಜಿಲ್ಲೆಯಲ್ಲಿಯೇ ಇದೆ. ನರಸಾಪುರ, ವೇಮಗಲ್, ಮಾಲೂರು, ಇಲ್ಲೆಲ್ಲ ಈಗ ದ್ವಿಚಕ್ರ ವಾಹನದಿಂದ ಹಿಡಿದು ಐಫೋನಿನವರೆಗೆ ತಯಾರಾಗುತ್ತದೆ. ಒಂದು ಕಾಲದಲ್ಲಿ ಹೆಂಚು, ಇಟ್ಟಿಗೆಗೆ ಹೆಸರಾಗಿದ್ದ ಮಾಲೂರಿನ ಸುತ್ತ ಶೆಡ್ಡುಗಳ ಸಾಲು. ಸಾವಿರಾರು ಹುಡುಗ ಹುಡುಗಿಯರು ಮೂರು ಶಿಫ್ಟಿನಲ್ಲಿ ದುಡಿಯುತ್ತಾರೆ. ವೇಳಾಪಟ್ಟಿ ಇದೆ, ಯೌವನ ಇದೆ, ಸಂಬಳವೂ ಇದೆ. ಆದರೂ ಇಲ್ಲೊಂದು ಲೀಗ್ ಹುಟ್ಟುವ ಸೂಚನೆ ಕಾಣುವುದಿಲ್ಲ. ಬಹಳಷ್ಟು ಜನರದು ಗುತ್ತಿಗೆಯ ಕೆಲಸ. ಕಂಪನಿಯ ಬಸ್ಸು ಊರೂರಿಂದ ಹೊತ್ತು ತಂದು ಶಿಫ್ಟು ಮುಗಿದೊಡನೆ ಮತ್ತೆ ಚದುರಿಸುತ್ತದೆ. ಪಕ್ಕದ ಮೆಷಿನ್ನಿನವನು ಮುಂದಿನ ತಿಂಗಳು ಇರುತ್ತಾನೋ ಇಲ್ಲವೋ ಎಂಬುದೇ ಗೊತ್ತಿಲ್ಲದಿರುವಾಗ ಅವನನ್ನು ಗೋಲ್‌ಕೀಪರ್ ಎಂದು ನಂಬಿ ತಂಡ ಕಟ್ಟುವುದು ಹೇಗೆ? ಉದ್ಯೋಗದ ಲೆಕ್ಕ ಕೊಡುವ ವರದಿಗಳಲ್ಲಿ ಈ ನಷ್ಟ ನಮೂದಾಗುವುದಿಲ್ಲ. ನನ್ನ ಪಾಲಿಗೆ ಇದು ದೊಡ್ಡ ನಷ್ಟ. ಒಟ್ಟಿಗೆ ದುಡಿಯುವವರು ಒಟ್ಟಿಗೆ ಆಡದೆ ಹೋದಾಗ ಅವರು ಒಬ್ಬರಿಗೊಬ್ಬರು ಹಾಜರಿ ಪುಸ್ತಕದ ಹೆಸರುಗಳಾಗಿಯೇ ಉಳಿಯುತ್ತಾರೆ.

ಮಾರಿಕುಪ್ಪಂ ಹಳಿಯ ಕೊನೆ. ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಆಮೇಲೆ ಈ ಹಳಿಯೇ ಊರಿನ ಜೀವನಾಡಿ. ಬೆಳಗಿನ ಜಾವದ ರೈಲಿಗೆ ಸಾವಿರಾರು ಜನ 80 ಕಿ.ಮೀ.ಗೂ ದೂರದ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಆಟದ ಸಂಜೆ ರೈಲಿನಲ್ಲೇ ಕಳೆಯುತ್ತದೆ. ಡರ್ಹ್ಯಾಮಿನ ಗಣಿಗಳೂ ಮುಚ್ಚಿದವು, ಕೊನೆಯವುಗಳಲ್ಲಿ ಒಂದಾದ ಈಸಿಂಗ್ಟನ್ 1993ರಲ್ಲಿ. ಅಲ್ಲಿಯೂ ಊರುಗಳು ಬಡವಾದವು, ಯುವಕರು ವಲಸೆ ಹೋದರು. ಆದರೆ ನಾರ್ದರ್ನ್ ಲೀಗ್ ನಿಲ್ಲಲಿಲ್ಲ. ವೆಸ್ಟ್ ಆಕ್ಲೆಂಡ್, ಬಿಷಪ್ ಆಕ್ಲೆಂಡ್, ಕ್ರೂಕ್, ಈ ಹೆಸರುಗಳು ಇಂದಿಗೂ ಫಲಿತಾಂಶದ ಪಟ್ಟಿಯಲ್ಲಿವೆ. ವ್ಯತ್ಯಾಸ ಎಲ್ಲಿ ಎಂದು ನೋಡಿದರೆ ಕಣ್ಣು ಒಂದು ಕಾನೂನಿನ ಮೇಲೆ ನಿಲ್ಲುತ್ತದೆ. 1920ರಲ್ಲಿ ಬ್ರಿಟನ್ನಿನ ಸಂಸತ್ತು ಗಣಿಯಿಂದ ಮೇಲೆ ಬಂದ ಒಂದೊಂದು ಟನ್ ಕಲ್ಲಿದ್ದಲಿಗೂ ಒಂದು ಪೆನ್ನಿ ವಂತಿಗೆ ವಿಧಿಸಿ ಗಣಿ ಕಾರ್ಮಿಕರ ಕಲ್ಯಾಣ ನಿಧಿ ಕಟ್ಟಿತು. ಆ ದುಡ್ಡಿನಲ್ಲಿ ಸಭಾಭವನ, ಓದುವ ಕೋಣೆ, ಆಟದ ಮೈದಾನಗಳಾದವು. ಅವನ್ನು ಗಣಿ ಕಂಪನಿಯ ಹೆಸರಿಗೆ ಬರೆಯದೆ ಊರಿನ ಟ್ರಸ್ಟುಗಳ ಕೈಗೆ ಕೊಡಲಾಯಿತು. ಈಸಿಂಗ್ಟನ್ನಿನ ಗಣಿ ನೆಲಸಮವಾದರೂ ವೆಲ್‌ಫೇರ್ ಪಾರ್ಕ್ ಉಳಿಯಿತು, ಊರಿನ ತಂಡ ಅಲ್ಲೇ ಆಡುತ್ತ ಬಂತು.

ನಮ್ಮಲ್ಲೂ ಇಂಥ ಕಾನೂನು ಬರಲಿಲ್ಲವೆಂದಲ್ಲ. ಅಭ್ರಕದ ಗಣಿಗಳಿಗೆ 1946ರಲ್ಲಿ, ಕಲ್ಲಿದ್ದಲಿಗೆ 1947ರಲ್ಲಿ ಕಲ್ಯಾಣ ನಿಧಿಯ ಕಾಯ್ದೆಗಳು ಬಂದವು. ಚಿನ್ನ ಆ ಪಟ್ಟಿಯಲ್ಲಿ ಇರಲಿಲ್ಲ. ಮೂರು ಕಿಲೋಮೀಟರಿಗೂ ಆಳದಿಂದ ಚಿನ್ನ ಎತ್ತಿಕೊಟ್ಟವರ ಮನೆ, ಆಸ್ಪತ್ರೆ, ಮೈದಾನ ಎಲ್ಲವೂ ಕಂಪನಿಯ ಆಸ್ತಿಯಾಗಿಯೇ ಇದ್ದವು. ಕಂಪನಿ ಮುಚ್ಚಿದ ದಿನ ಅವೆಲ್ಲವೂ ಮುಚ್ಚಿದ ಕಂಪನಿಯ ಆಸ್ತಿಯಾದವು, ವರ್ಷಗಟ್ಟಲೆ ಕಡತ ಮತ್ತು ನ್ಯಾಯಾಲಯದ ವಿಷಯವಾದವು. ಹುಡುಗರು ಅಲ್ಲಿ ಆಡುವುದನ್ನು ಯಾರೂ ತಡೆದಿಲ್ಲದಿರಬಹುದು. ಆದರೆ ಹುಲ್ಲು ಕತ್ತರಿಸುವವನು ಯಾರು, ಗೋಲ್‌ಪೋಸ್ಟಿಗೆ ಬಣ್ಣ ಬಳಿಯುವವನು ಯಾರು, ನಾಳೆ ಬೇಲಿ ಬೀಳುವುದಿಲ್ಲ ಎಂದು ಮಾತು ಕೊಡುವವನು ಯಾರು? ಗೆದ್ದ ಟ್ರೋಫಿಗಳನ್ನು ಎಣಿಸಿ ಇದನ್ನು ಮರೆಯಲಾಗದು. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಅದು ಹೆಮ್ಮೆಯ ಗೆಲುವು. ಆದರೆ ಅದು ಮುಖ್ಯವಾಗಿ ಬೆಂಗಳೂರಿನ ಕ್ಲಬ್ಬು, ಅಕಾಡೆಮಿಗಳ ಬಲದ ಮೇಲೆ ಬಂದದ್ದು. ಜಿಲ್ಲೆಗಳಲ್ಲಿ ಲೀಗ್ ಬೆಳೆದರೆ ಅಂಥ ಗೆಲುವಿಗೆ ಇನ್ನೊಂದು ಅರ್ಧ ಶತಮಾನ ಕಾಯಬೇಕಾಗಿಲ್ಲ.

ಮರಳಿ ಹೋಳೂರಿನ ಕಡೆ ಬಂದರೆ, ಬರದ ವರ್ಷಗಳಲ್ಲಿ ಕೋಲಾರದ ಮಕ್ಕಳಿಗೆ ಸಿಗುತ್ತಿದ್ದ ಅತಿ ದೊಡ್ಡ ಮೈದಾನ ಒಣಗಿದ ಕೆರೆಯಂಗಳ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಒಂದೊಂದಾಗಿ ಕೆರೆಗಳನ್ನು ತುಂಬಿಸಿದೆ. ಬತ್ತಿದ ಸೀಮೆಗೆ ನೀರು ಬಂದದ್ದಕ್ಕೆ ಬೇಸರಿಸುವವರು ಯಾರೂ ಇಲ್ಲ, ನೀರಿನ ಗುಣದ ಬಗ್ಗೆ ಇರುವ ಆತಂಕ ಬೇರೆಯ ಮಾತು. ಆಡಲು ಜಾಗ ಮಾತ್ರ ಹೋಯಿತು, ಅದರ ಬದಲಿಗೆ ಇನ್ನೊಂದನ್ನು ಕೊಡಬೇಕೆಂದು ಯಾವ ಸಭೆಯಲ್ಲೂ ಚರ್ಚೆಯಾದಂತಿಲ್ಲ. ಹಳ್ಳಿಗಳಿಗೆ ಇನ್ನೂ ಗೋಮಾಳ, ಗುಂಡುತೋಪು ಉಳಿದಿವೆ, ಒತ್ತುವರಿಯಾಗದ ಕಡೆ. ಹೋಬಳಿಗೆ ಎರಡು ಮೂರು ಎಕರೆಯನ್ನು ಆಟದ ಮೈದಾನವೆಂದು ಪಹಣಿಯಲ್ಲೇ ನಮೂದಿಸಿ ಗ್ರಾಮ ಪಂಚಾಯಿತಿಯ ಹೆಸರಿಗೆ ಬರೆಯಬೇಕು. ನರಸಾಪುರ, ವೇಮಗಲ್ಲಿನ ಕೈಗಾರಿಕಾ ಬಡಾವಣೆಗಳಿಗೆ ಮತ್ತೆ ಭೂಮಿ ಪಡೆಯುವಾಗ ಮೈದಾನದ ಜಾಗವನ್ನು ಕಂಪನಿಗಳ ಕಾಂಪೌಂಡಿನ ಹೊರಗೆ, ಊರಿನ ಕಡೆಗೆ ಬಿಡಿಸಿಕೊಳ್ಳಬೇಕು. ಗಣಿಯ ಹಳೆಯ ಮೈದಾನಗಳನ್ನು ಭಾರತ್ ಗೋಲ್ಡ್ ಮೈನ್ಸ್ ಆಸ್ತಿಯ ಪಟ್ಟಿಯಿಂದ ಬಿಡಿಸಿ ಕೆಜಿಎಫ್ ನಗರಸಭೆಗೆ ಹಸ್ತಾಂತರಿಸುವುದನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂತು ತೀರ್ಮಾನಿಸಬೇಕು. ಡೇರಿಯ ಹಾಲು ಹಾಕಿ ಮುಗಿಸಿದ ಮೇಲೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆಟ ಎಂದು ನಿಗದಿಪಡಿಸಿದರೆ ಹೋಳೂರು, ಸುಗಟೂರು, ವಕ್ಕಲೇರಿ, ವೇಮಗಲ್, ನರಸಾಪುರ ಹೋಬಳಿಗಳಿಂದ ಐದು ತಂಡಗಳು ಬರಬಹುದು. ಪಚೂಕಾದವರು ಆಡಿದ ಮೆಕ್ಸಿಕೋದ ಮೊದಲ ಲೀಗ್ ಶುರುವಾದದ್ದೂ ಐದೇ ತಂಡಗಳಿಂದ.